ರಮ್ಮಿ ಬಿಟ್ಟು ನಲವತ್ತು ದಿನವಾಯಿತು, ಉಳಿದ ಸಾಲವನ್ನು ಮನೆಯಲ್ಲಿ ಹೇಳಬೇಕೇ?

ಪ್ರಶ್ನೆ (ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ, ವಯಸ್ಸು 34)

ಮೂರು ವರ್ಷಗಳ ಹಿಂದಿನ ಮಳೆಗಾಲದಲ್ಲಿ, ಅಡಿಕೆಗೆ ಮೊದಲ ಸುತ್ತಿನ ಕೊಳೆರೋಗದ ಔಷಧಿ ಹೊಡೆದು ಮುಗಿಸಿ ಮನೆಯೊಳಗೇ ಕೂತಿದ್ದ ದಿನಗಳಲ್ಲಿ, ಮೊಬೈಲಿನಲ್ಲಿ ಹಣ ಕಟ್ಟಿ ರಮ್ಮಿ ಆಡಲು ತೊಡಗಿದೆ. ಮೊದಲ ವಾರ 4,000 ರೂಪಾಯಿ ಬಂದಿತ್ತು. ಅಂಥ ಇನ್ನೊಂದು ವಾರ ಬಂದೇ ಬರುತ್ತದೆಂಬ ಹಂಬಲದಲ್ಲಿ ಈವರೆಗೆ 6,80,000 ರೂಪಾಯಿ ಕಳೆದಿದ್ದೇನೆ. ಅದರಲ್ಲಿ ಮಂಡಿಯ ಮುಂಗಡವೂ ಇದೆ, ಹೆಂಡತಿಯ ಸರ ಅಡವಿಟ್ಟು ತಂದ ಹಣವೂ ಇದೆ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಹೊಸ ಕಾಯ್ದೆ ಬಂದು ಆ ಆ್ಯಪ್‌ನಲ್ಲಿ ಹಣದ ಆಟ ನಿಂತಾಗ ಬದುಕಿಕೊಂಡೆ ಎಂದುಕೊಂಡಿದ್ದೆ. ಆದರೆ ಪರಿಚಯದವರೊಬ್ಬರು ಕಳಿಸಿದ ಲಿಂಕ್ ಹಿಡಿದು ಇನ್ನೊಂದು ತಾಣಕ್ಕೆ ಹೋಗಿ ಕೊನೆಯ ಒಂದು ಲಕ್ಷವನ್ನು ಅಲ್ಲಿ ಕಳೆದೆ.

ಈಗ ಆಡದೆ ನಲವತ್ತು ದಿನ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಕಣ್ಣೆದುರು ಎಲೆಗಳೇ ಕಾಣುತ್ತವೆ, ಹಗಲಿನಲ್ಲಿ ಮಗಳು ಏನು ಕೇಳಿದರೂ ಗದರುತ್ತೇನೆ. ಸರದ ವಿಷಯ ತಿಳಿದ ದಿನ ಹೆಂಡತಿಗೆ ಎರಡು ಲಕ್ಷವೆಂದಷ್ಟೇ ಹೇಳಿದ್ದೆ. ಉಳಿದದ್ದನ್ನು ನಾನೇ ಸದ್ದಿಲ್ಲದೆ ತೀರಿಸಿದರೆ ಸಾಲದೇ? ಈ ಸೆಳೆತ ಎಂದಿಗೆ ನಿಲ್ಲುತ್ತದೆ?

ಉತ್ತರ 1 (ಸಾಗರ)

ನಾನು ಆಡುವುದನ್ನು ನಿಲ್ಲಿಸಿ ಎರಡು ವರ್ಷ ದಾಟಿದೆ, ಆದ್ದರಿಂದ ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆದರಿಕೆ ಹುಟ್ಟಿಸಿದ ಮಾತನ್ನೇ ಮೊದಲು ಹೇಳುತ್ತೇನೆ: ‘ಸದ್ದಿಲ್ಲದೆ ತೀರಿಸುವುದು’. ಗುಟ್ಟಾಗಿ ತೀರಿಸಲು ಗುಟ್ಟಿನ ಹಣ ಬೇಕು, ಮತ್ತು ನಮ್ಮಂಥವರಿಗೆ ಗುಟ್ಟಿನ ಹಣ ಸಿಗುವ ಜಾಗವೆಂದು ತೋರುವುದು ಆ ಆಟ ಒಂದೇ. ನೀವು ಮುಚ್ಚಿಟ್ಟಿರುವ 4,80,000 ರೂಪಾಯಿಯೇ ನಿಮ್ಮನ್ನು ಮತ್ತೆ ಅಲ್ಲಿಗೆ ಕರೆಯುತ್ತದೆ. ನಾನು ಹೀಗೆಯೇ ಎರಡು ಬಾರಿ ಬಿಟ್ಟು ಎರಡು ಬಾರಿಯೂ ಮರಳಿದೆ. ಮೂರನೆಯ ಬಾರಿ ಅಡಿಕೆ ಒಣಹಾಕಿದ್ದ ಅಂಗಳದಲ್ಲಿ ಅಣ್ಣನನ್ನು ಕೂರಿಸಿಕೊಂಡು ಪೂರ್ತಿ ಲೆಕ್ಕ ಒಪ್ಪಿಸಿದ ಮೇಲೆಯೇ ನಿಂತದ್ದು. ಆ ದಿನ ಅವನು ಬೈದದ್ದಕ್ಕಿಂತ, ಬೈಯದೆ ಒಳಗೆ ಹೋದದ್ದು ನನಗೆ ಹೆಚ್ಚು ನೋವು ಕೊಟ್ಟಿತು.

ಮನಸ್ಸಿನ ಗಟ್ಟಿತನವನ್ನು ನೆಚ್ಚಬೇಡಿ, ಹಣದ ದಾರಿಯನ್ನೇ ಕಟ್ಟಿ. ಮಂಡಿಯ ಪಾವತಿ ಹೆಂಡತಿಯ ಖಾತೆಗೆ ಬೀಳಲಿ, ನಿಮ್ಮ ಫೋನಿನಿಂದ ಯುಪಿಐ ತೆಗೆಸಿ. ಆ ಲಿಂಕ್ ಕಳಿಸಿದವರ ನಂಬರನ್ನೂ ಅಳಿಸಿಬಿಡಿ. ನಾನು ಆರು ತಿಂಗಳು ಬಟನ್ ಫೋನ್ ಇಟ್ಟುಕೊಂಡಿದ್ದೆ. ಸೆಳೆತ ನನಗೆ ಈಗಲೂ ಬರುತ್ತದೆ, ಹೆಚ್ಚಾಗಿ ಅಡಿಕೆ ಮಾರಿದ ಹಣ ಬಂದ ವಾರದಲ್ಲಿ. ಆದರೆ ಹೊತ್ತು ಕಳೆದಂತೆ ಹೋಗುತ್ತದೆ.

ಉತ್ತರ 2 (ಶಿವಮೊಗ್ಗ, ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ಕೆಲಸ)

ಇದು ಕೇವಲ ಕೆಟ್ಟ ಚಟವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಜೂಜಿನ ವ್ಯಸನ ಚಿಕಿತ್ಸೆ ಬೇಕಾದ ಕಾಯಿಲೆಯಾಗಿಯೇ ಸೇರಿದೆ. ಯಾವಾಗ ಗೆಲ್ಲುತ್ತೇವೆಂದು ತಿಳಿಯದ ಆಟವೇ ಮಿದುಳನ್ನು ಬಲವಾಗಿ ಹಿಡಿಯುತ್ತದೆ, ಅದರಲ್ಲೂ ಒಂದೇ ಎಲೆಯಿಂದ ಸೋತಾಗ ಮನಸ್ಸು ಅದನ್ನು ಸೋಲೆಂದು ಎಣಿಸದೆ ಗೆಲುವು ಹತ್ತಿರ ಬಂತೆಂದು ಓದಿಕೊಳ್ಳುತ್ತದೆ. ನಿದ್ದೆಗೆಡುವುದು, ಸಿಡುಕು, ಇವೆಲ್ಲ ಬಿಟ್ಟ ಮೊದಲ ವಾರಗಳಲ್ಲಿ ಹಲವರಿಗೆ ಆಗುವಂಥವು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಅಷ್ಟು ದೂರ ಬರಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅದು ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು. 2025ರ ಕಾಯ್ದೆಯ ಶಿಕ್ಷೆ ಆಟ ನಡೆಸುವವರಿಗೇ ಹೊರತು ಆಡಿದವರಿಗಲ್ಲ, ಹಾಗಾಗಿ ಸಹಾಯ ಕೇಳಲು ಹೆದರಬೇಡಿ.

ಇನ್ನೊಂದನ್ನು ನೇರವಾಗಿ ಕೇಳುತ್ತೇನೆ. ಬದುಕು ಸಾಕೆಂಬ ಯೋಚನೆ ಬರುತ್ತಿದೆಯೇ? ಬರುತ್ತಿದ್ದರೆ ಬೆಳಗಾಗಲೆಂದು ಕಾಯದೆ ಅದೇ ಸಂಖ್ಯೆಗೆ ಕರೆ ಮಾಡಿ, ಮನೆಯವರನ್ನು ಎಬ್ಬಿಸಿ, ತೋಟದ ಔಷಧಿಗಳನ್ನು ಬೇರೆಯವರ ಸುಪರ್ದಿಗೆ ಕೊಟ್ಟುಬಿಡಿ.

ಉತ್ತರ 3 (ಹೊಸನಗರ)

ನನ್ನ ಯಜಮಾನರೂ ಆಡುತ್ತಿದ್ದರು. ಮೊದಲು ಐವತ್ತು ಸಾವಿರ ಎಂದರು, ಯುಗಾದಿಯ ಹೊತ್ತಿಗೆ ಅದು ಒಂದೂವರೆ ಲಕ್ಷವಾಯಿತು, ಆಮೇಲೆ ಸೊಸೈಟಿಯಿಂದ ನೋಟಿಸ್ ಬಂತು. ಸಾಲವನ್ನು ನಾವಿಬ್ಬರೂ ಸೇರಿ ತೀರಿಸುತ್ತಿದ್ದೇವೆ, ಅದು ಕಷ್ಟವೇ ಹೊರತು ಅಸಾಧ್ಯವಲ್ಲ. ಆದರೆ ಪ್ರತಿ ಸಲ ಹೊಸ ಮೊತ್ತ ಕೇಳಿದಾಗ ಹಿಂದಿನ ಸಮಾಧಾನವೆಲ್ಲ ಸುಳ್ಳಾಗುತ್ತಿದ್ದುದನ್ನು ನಾನು ಇಂದಿಗೂ ಮರೆತಿಲ್ಲ. ದಯವಿಟ್ಟು ಎಲ್ಲವನ್ನೂ ಒಂದೇ ಸಲ, ಕಾಗದದ ಮೇಲೆ ಬರೆದು, ರಸೀದಿಗಳ ಸಮೇತ ತೋರಿಸಿ. ಅದೇ ದಿನ ಕ್ಷಮಿಸೆಂದು ಮಾತ್ರ ಕೇಳಬೇಡಿ, ಅವರಿಗೆ ಸಮಯ ಬೇಕು.

ಪ್ರಶ್ನೆ ಕೇಳಿದವರು

ಮೂವರಿಗೂ ನಮಸ್ಕಾರ. ಸಾಯುವ ಯೋಚನೆ ಒಮ್ಮೆ ಬಂದಿತ್ತು, ಮೊನ್ನೆ ರಾತ್ರಿ 14416ಕ್ಕೆ ಕರೆ ಮಾಡಿ ಬಹಳ ಹೊತ್ತು ಮಾತನಾಡಿದೆ. ಸೋಮವಾರ ಮೆಗ್ಗಾನ್‌ಗೆ ಹೋಗುತ್ತೇನೆ. ನಿನ್ನೆ ಮಗಳು ಮಲಗಿದ ಮೇಲೆ ಹೆಂಡತಿಯ ಮುಂದೆ ಚೀಟಿ ಇಟ್ಟೆ. ಅವಳು ಎರಡು ಸಲ ಓದಿದಳು, ಸರ ಬಿಡಿಸಿಕೊಳ್ಳಲು ಕೊನೆಯ ದಿನ ಯಾವುದೆಂದು ಕೇಳಿದಳು, ನಂತರ ಚೀಟಿಯನ್ನು ಮಡಚಿ ತೋಟದ ಲೆಕ್ಕದ ಪುಸ್ತಕದೊಳಗೆ ಇಟ್ಟುಕೊಂಡಳು. ಬೆಳಿಗ್ಗೆಯಿಂದ ಮಾತನಾಡಿಲ್ಲ. ಸೋಮವಾರ ಅವಳೂ ಬರುತ್ತಾಳಂತೆ, ಮಗಳ ಕೈಯಲ್ಲಿ ಹೇಳಿಕಳಿಸಿದಳು.