ಸೆಟ್ ಸಿಆರ್‌ಎಸ್ ಕೊಟ್ಟ ಮೇಲೆ ಶೇಪ್‌ಫೈಲ್ ಮ್ಯಾಪಲ್ಲಿ ಕಾಣ್ತಾನೇ ಇಲ್ಲ, ಏನ್ ಮಾಡ್ಲಿ?

ಪ್ರಶ್ನೆ: ಸರ್ ನಮಸ್ತೆ, ಜಿಐಎಸ್ (ಕಂಪ್ಯೂಟರ್‌ನಲ್ಲಿ ಮ್ಯಾಪ್ ಡೇಟಾ ನೋಡೋ ಕೆಲಸ) ಈಗಷ್ಟೇ ಕಲೀತಿದೀನಿ. ನಾನು ಜಿಪಿಎಸ್‌ನಲ್ಲಿ ತಗೊಂಡ ಪಾಯಿಂಟ್‌ಗಳು ಲ್ಯಾಟ್ 20, ಲಾಂಗ್ 76ರ ಹತ್ರ ಇವೆ. ಅದೇ ಜಾಗದ ಬೌಂಡರಿ ಅಂತ ಒಬ್ರು ಕೊಟ್ಟ ಶೇಪ್‌ಫೈಲ್ (ಮ್ಯಾಪಿನ ಆಕಾರಗಳಿರೋ ಫೈಲ್) ತೆಗೆದ್ರೆ 612340, 2211870 ಅಂತ ಉದ್ದುದ್ದ ನಂಬರ್. ಎರಡೂ ಒಂದ್ರ ಮೇಲೊಂದು ಕೂರ್ಲಿಲ್ಲ ಅಂತ ಅದಕ್ಕೂ ಸೆಟ್ ಸಿಆರ್‌ಎಸ್‌ಗೆ (ಫೈಲ್‌ನ ನಂಬರ್ ಯಾವ ನಿರ್ದೇಶಾಂಕ ಪದ್ಧತಿದು ಅಂತ ಹೇಳೋ ಆಯ್ಕೆ) ಹೋಗಿ ಇಪಿಎಸ್‌ಜಿ 4326 (ಡಿಗ್ರಿ ಲ್ಯಾಟ್-ಲಾಂಗ್‌ನ ಕೋಡ್) ಹಾಕ್ದೆ, ಈಗ ಎಲ್ಲೂ ಕಾಣ್ತಿಲ್ಲ. ಫೈಲ್ ಹಾಳಾಯ್ತಾ?

ಉತ್ತರ: ಹಾಳಾಗಿಲ್ಲ, ಗಾಬರಿ ಬೇಡ. ಸೆಟ್ ಸಿಆರ್‌ಎಸ್ ಒಳಗಿನ ನಂಬರ್‌ಗಳನ್ನ ಮುಟ್ಟೋದೇ ಇಲ್ಲ, ಅವನ್ನ ಯಾವ ಲೆಕ್ಕದಲ್ಲಿ ಓದ್ಬೇಕು ಅಂತ ಸಾಫ್ಟ್‌ವೇರ್‌ಗೆ ಹೇಳುತ್ತೆ ಅಷ್ಟೇ. ನೀವು 4326 ಅಂದ್ರಿ, ಅದು ಮೀಟರ್‌ನಲ್ಲಿದ್ದ 2211870ನ ಡಿಗ್ರಿ ಅಂತ ಓದ್ತು, ಲ್ಯಾಟಿಟ್ಯೂಡ್ 90 ದಾಟೋದೇ ಇಲ್ವಲ್ಲ, ಇನ್ನೆಲ್ಲಿ ತೋರಿಸ್ಬೇಕು ಅದು?

ಆ ನಂಬರ್ ನೋಡಿದ್ರೆ ಯುಟಿಎಂ (ಮೀಟರ್‌ನಲ್ಲಿ ಜಾಗ ಹೇಳೋ ಪದ್ಧತಿ) ಥರ ಇದೆ. ಯುಟಿಎಂನಲ್ಲಿ ಭೂಮಿನ 6 ಡಿಗ್ರಿ ಅಗಲದ 60 ಝೋನ್ ಮಾಡಿ, ಪ್ರತಿ ಝೋನ್‌ನ ನಡುವಿನ ಗೆರೆಗೆ 500000 ಮೀಟರ್ ಅಂತ ಕೊಟ್ಟಿರ್ತಾರೆ, ಮೈನಸ್ ಬರ್ಬಾರ್ದು ಅಂತ. ಅಂದ್ರೆ ನಿಮ್ಮ 612340 ನಡುಗೆರೆಯಿಂದ ಪೂರ್ವಕ್ಕೆ ಸುಮಾರು 112 ಕಿಮೀ. ಲಾಂಗ್ 76 ಬರೋದು 43ನೇ ಝೋನ್‌ನಲ್ಲಿ, ಅದರ ನಡುಗೆರೆ 75. ಲ್ಯಾಟ್ 20ರಲ್ಲಿ ಒಂದು ಡಿಗ್ರಿ ಲಾಂಗ್ ಅಂದ್ರೆ ಹತ್ರಹತ್ರ 105 ಕಿಮೀ, ಹಾಗಾಗಿ 76ರ ಪಕ್ಕಕ್ಕೇ ಬಂತು, ತಾಳೆ ಆಗುತ್ತೆ. ಮೊದ್ಲು ಸೆಟ್ ಸಿಆರ್‌ಎಸ್‌ನಲ್ಲಿ 32643 (43ನೇ ಝೋನ್‌ನ ಉತ್ತರ ಭಾಗದ ಯುಟಿಎಂ ಕೋಡ್) ಕೊಡಿ, ಆಮೇಲೆ ರೀಪ್ರಾಜೆಕ್ಟ್ ಮಾಡಿ 4326ಗೆ ಬೇರೆ ಫೈಲ್ ಆಗಿ ಉಳಿಸ್ಕೊಳ್ಳಿ. ನಂಬರ್ ನಿಜವಾಗ್ಲೂ ಬದಲಾಗೋದು ರೀಪ್ರಾಜೆಕ್ಟ್‌ನಲ್ಲಿ ಮಾತ್ರ.

ಆದ್ರೂ ಫೈಲ್ ಕೊಟ್ಟೋರನ್ನ ಒಂದ್ಸಲ ಕೇಳಿ, ಅಥವಾ ಜೊತೇಲಿ ಪಿಆರ್‌ಜೆ ಫೈಲ್ (ಸಿಆರ್‌ಎಸ್ ಯಾವುದು ಅಂತ ಬರೆದಿರೋ ಫೈಲ್) ಇದ್ಯಾ ನೋಡಿ. 612340, 2211870 ಅನ್ನೋ ಜೋಡಿ 60 ಝೋನ್‌ನಲ್ಲೂ ಇರುತ್ತೆ, ಯಾವ ಝೋನ್ ಅಂತ ಗೊತ್ತಿಲ್ದೆ ಅದು ಯಾವ ಜಾಗಾನೂ ಅಲ್ಲ. ದಯವಿಟ್ಟು ಯಾರಿಗೆ ಡೇಟಾ ಕೊಟ್ರೂ ಸಿಆರ್‌ಎಸ್ ಬರೆದೇ ಕೊಡಿ.

ಇನ್ನೊಬ್ಬರ ಪ್ರಶ್ನೆ: ಹಾಗಾದ್ರೆ ಎರಡೂ ಲ್ಯಾಟ್-ಲಾಂಗ್‌ನಲ್ಲೇ ಇದ್ರೆ ಈ ತಲೆನೋವು ಇರಲ್ಲ ಅಲ್ವಾ ಸರ್?

ಉತ್ತರ: ಇರುತ್ತೆ, ಅದು ಇನ್ನೂ ಅಪಾಯ, ಯಾಕಂದ್ರೆ ಫೈಲ್ ಮಾಯ ಆಗಲ್ಲ, ಸ್ವಲ್ಪ ಸರಿದು ಕೂತಿರುತ್ತೆ, ನಾವೂ ಸರಿ ಇದೆ ಅಂದ್ಕೋತೀವಿ. ಲ್ಯಾಟ್-ಲಾಂಗ್ ಯಾವ ಡೇಟಮ್ (ಭೂಮಿ ಅಳೆಯೋಕೆ ಇಟ್ಕೊಂಡ ಆಧಾರ) ಮೇಲೆ ಅಳೆದಿದ್ದು ಅನ್ನೋದೂ ಮುಖ್ಯ. ಗ್ರೀನಿಚ್ ವೀಕ್ಷಣಾಲಯದಲ್ಲಿ ನೆಲದ ಮೇಲೆ ಹಳೇ ಸೊನ್ನೆ ಡಿಗ್ರಿ ಗೆರೆ ಇದೆ, ಅದರ ಮೇಲೆ ನಿಂತು ಜಿಪಿಎಸ್ ನೋಡಿದ್ರೆ ಸೊನ್ನೆ ಬರಲ್ಲ. ಜಿಪಿಎಸ್ ಬಳಸೋ ಡಬ್ಲ್ಯುಜಿಎಸ್ 84ರ ಸೊನ್ನೆ ಅಲ್ಲಿಂದ ಸುಮಾರು 102 ಮೀಟರ್ ಪೂರ್ವಕ್ಕಿದೆ. ಹಳೇ ಮ್ಯಾಪ್ ಸ್ಕ್ಯಾನ್ ಮಾಡಿ ಕೂರಿಸೋರು ಇದನ್ನ ನೆನಪಲ್ಲಿಟ್ಕೊಳ್ಳಿ.

ಹಾಗೇ ಕ್ರಮಾನೂ ನೋಡ್ಕೊಳ್ಳಿ. 4326ರ ವ್ಯಾಖ್ಯೆಯಲ್ಲಿ ಲ್ಯಾಟ್ ಮೊದಲು, ಜಿಯೋಜೇಸನ್‌ನಲ್ಲಿ (ಮ್ಯಾಪ್ ಡೇಟಾದ ಇನ್ನೊಂದು ಫೈಲ್ ಬಗೆ) ಲಾಂಗ್ ಮೊದಲು. 20, 76 ಅದಲುಬದಲಾದ್ರೆ ನಿಮ್ಮ ಪಾಯಿಂಟ್ ಆರ್ಕ್ಟಿಕ್‌ನಲ್ಲಿ ಸ್ವಾಲ್ಬಾರ್ಡ್ ಹತ್ರದ ಸಮುದ್ರದಲ್ಲಿರುತ್ತೆ.

ಮೊದಲು ಕೇಳಿದವರು: ಸರ್ 32643 ಕೊಟ್ಟ ತಕ್ಷಣ ಸರಿಯಾಗಿ ಕೂತ್ಕೊಳ್ತು, ಪಿಆರ್‌ಜೆನಲ್ಲೂ ಅದೇ ಇತ್ತು, ತುಂಬಾ ಥ್ಯಾಂಕ್ಸ್. ಈಗ ಏರಿಯಾ ತೆಗೀಬೇಕು, ಹಿಂದಿರೋ ವೆಬ್ ಮ್ಯಾಪ್ 3857ನಲ್ಲಿದೆ, ಅದ್ರಲ್ಲೇ ಅಳೀಬಹುದಾ?

ಉತ್ತರ: ಬೇಡ. 3857 ಅಂದ್ರೆ ವೆಬ್ ಮರ್ಕೇಟರ್, ಸ್ಕ್ರೀನ್ ಮೇಲೆ ತೋರಿಸೋಕೆ ಚೆನ್ನಾಗಿದೆ, ಆದ್ರೆ ಧ್ರುವದ ಕಡೆ ಹೋದಷ್ಟೂ ಎಲ್ಲಾನೂ ಹಿಗ್ಗಿಸುತ್ತೆ. ಲ್ಯಾಟ್ 60ರಲ್ಲಿ ಏರಿಯಾ ನಾಲ್ಕು ಪಟ್ಟು ಬರುತ್ತೆ, ನಿಮ್ಮ 20ರಲ್ಲೂ ಸುಮಾರು 13 ಪರ್ಸೆಂಟ್ ಜಾಸ್ತಿ. ಮೂಲ ಯುಟಿಎಂ ಫೈಲ್ ಇದೆಯಲ್ಲ, ಅದ್ರಲ್ಲೇ ತೆಗೀರಿ.