ಎರಡು ರಾತ್ರಿಯ ರೈಲು, ಅಪ್ಪನ ಬೀಡಿ: ಏನು ಮಾಡಲಿ?

ಕೇಳಿದವರು, ಮಂಡ್ಯ

ನಮ್ಮಪ್ಪನಿಗೆ 67. ಕಾಶಿ ನೋಡಬೇಕು ಅಂತ ಬಹಳ ವರ್ಷದ ಆಸೆ. ಮೈಸೂರಿನಿಂದ ವಾರಾಣಸಿಗೆ ಹೋಗುವ ಗಾಡಿಯಲ್ಲಿ ಥರ್ಡ್ ಎಸಿ ಟಿಕೆಟ್ ಮಾಡಿಸಿದ್ದೇನೆ. ಎರಡು ರಾತ್ರಿ ರೈಲಿನಲ್ಲೇ. ಇರುವ ತೊಂದರೆ ಒಂದೇ, ಅವರಿಗೆ ದಿನಕ್ಕೆ ಒಂದು ಕಟ್ಟು ಬೀಡಿ ಬೇಕು. ಗದ್ದೆ ಬದುವಿನ ಮೇಲೆ ಕೂತು ಸೇದಿದ ಜೀವ. "ಅಷ್ಟುದ್ದ ರೈಲಲ್ಲಿ ಸೇದೋರಿಗೆ ಅಂತ ಒಂದು ಮೂಲೆ ಇಟ್ಟಿರಲ್ವಾ?" ಅಂತ ಕೇಳುತ್ತಾರೆ. ಇಟ್ಟಿದ್ದಾರಾ? ಇಲ್ಲದಿದ್ದರೆ ಇಡಬೇಕಿತ್ತಾ? ಇಂಥವರನ್ನು ದೂರ ಕರೆದುಕೊಂಡು ಹೋಗಿಬಂದವರು ದಯವಿಟ್ಟು ಹೇಳಿ.

ಮಂಡ್ಯ–ಬೆಂಗಳೂರು ಪಾಸಿನವನು

ಮೂಲೆ ಇಲ್ಲ ಅಕ್ಕ. ಎಸಿಯಲ್ಲೂ ಇಲ್ಲ, ಜನರಲ್‌ನಲ್ಲೂ ಇಲ್ಲ. 1989ರ ರೈಲ್ವೆ ಕಾಯ್ದೆಯ 167ನೇ ಸೆಕ್ಷನ್‌ನಲ್ಲಿ ಪಕ್ಕದವರು ಬೇಡ ಅಂದರೆ ಸೇದಬಾರದು, ಮೀರಿದರೆ 100 ರೂಪಾಯಿ ತನಕ ದಂಡ ಅಂತಿದೆ. ಆಮೇಲೆ 2003ರ ತಂಬಾಕು ಕಾಯ್ದೆ ಬಂತು. ಅದರ ನಿಯಮ 2008ರ ಅಕ್ಟೋಬರ್ 2ರಿಂದ ಬಿಗಿಯಾಯಿತು. ಯಾರೂ ಬೇಡ ಅನ್ನದಿದ್ದರೂ ಸಾರ್ವಜನಿಕ ಜಾಗದಲ್ಲಿ ಸೇದುವ ಹಾಗಿಲ್ಲ. ದಂಡ 200 ಇತ್ತು, ನಮ್ಮ ರಾಜ್ಯದಲ್ಲಿ ಈಗ 1000ದ ತನಕ ಏರಿಸಿದ್ದಾರೆ.

ಆದರೂ ಸೇದುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ಹನ್ನೊಂದು ವರ್ಷದಿಂದ ಓಡಾಡುತ್ತಿದ್ದೇನೆ. ಒಂದು ಬೆಳಿಗ್ಗೆ ಮದ್ದೂರು ದಾಟಿದ ಮೇಲೆ ಒಬ್ಬರು ಬಾಗಿಲಲ್ಲಿ ನಿಂತು ಹಚ್ಚಿದರು. "ಆಚೆಗೆ ತಾನೇ ಬಿಡ್ತಿರೋದು" ಅನ್ನುವ ಸಮಾಧಾನ ಅವರಿಗೆ. ಗಾಡಿ ಓಡುವಾಗ ಆಚೆಗೆ ಬಿಟ್ಟದ್ದು ಆಚೆ ಉಳಿಯಲ್ಲ. ಕಿಡಿ ಹಾರಿ ಹಿಂದಿನ ಕಿಟಕಿಯೊಳಗೆ ಬಂತು. ಕಿಟಕಿಗೆ ಒರಗಿ ನಿದ್ದೆ ಹೋಗಿದ್ದ ಕಾಲೇಜು ಹುಡುಗಿಯ ದುಪಟ್ಟಾದಲ್ಲಿ ರಾಗಿ ಕಾಳಿನಷ್ಟು ತೂತು, ಸುತ್ತ ಕಂದು ಅಂಚು. ಅವಳು ಎದ್ದು ಆ ತೂತನ್ನು ಬೆರಳಲ್ಲಿ ಸವರಿ ಸವರಿ ನೋಡಿದಳು, ಒಂದು ಮಾತೂ ಆಡಲಿಲ್ಲ. ಸೇದಿದವರಿಗೆ ಇದು ಗೊತ್ತೇ ಆಗಲಿಲ್ಲ.

ಮೈಸೂರು, ಸರಸ್ವತಿಪುರಂ

ಇಷ್ಟೊಂದು ಯಾಕೆ ಯೋಚನೆ? ದೊಡ್ಡ ಸ್ಟೇಷನ್ ಬಂದಾಗ ಇಳಿದು ಎರಡು ದಮ್ಮು ಎಳೆದು ಹತ್ತಲಿ. ಎಲ್ಲರೂ ಮಾಡುವುದು ಅದೇ.

ಪಾಸಿನವನು

ಸರ್, ಪ್ಲಾಟ್‌ಫಾರಂ ಕೂಡ ನಿಷೇಧವೇ. ಹಿಡಿದರೆ ಅಲ್ಲೂ ದಂಡ. ಅದಕ್ಕಿಂತ ಜಾಸ್ತಿ, 67 ವರ್ಷದವರು ಅರ್ಧ ಬೀಡಿ ಆಸೆಗೆ ಓಡುವ ಗಾಡಿ ಹತ್ತುವುದು ಬೇಡ.

ರೈಲ್ವೆ ವರ್ಕ್‌ಶಾಪಿನಿಂದ ರಿಟೈರ್ ಆದವನು, ಅಶೋಕಪುರಂ

ನಾನು ಬೋಗಿ ರಿಪೇರಿ ಮಾಡಿ ಜೀವನ ಕಳೆದವನು, ಸ್ವಲ್ಪ ಉದ್ದ ಬರೆಯುತ್ತೇನಮ್ಮ.

ಎಸಿ ಬೋಗಿಯಲ್ಲಿ ಒಳಗಿನ ಗಾಳಿಯನ್ನೇ ತಿರುಗಿಸಿ ತಿರುಗಿಸಿ ತಂಪು ಮಾಡುತ್ತಾರೆ. ಹೊರಗಿನ ಗಾಳಿ ಸೇರುವುದು ಸ್ವಲ್ಪವೇ. ಒಂದು ತುದಿಯಲ್ಲಿ ಬಿಟ್ಟ ಹೊಗೆ ಇನ್ನೊಂದು ತುದಿಯ ಮಗುವಿನ ಮೂಗಿಗೂ ಹೋಗುತ್ತದೆ. ಹೊಸ ಎಸಿ ಬೋಗಿಗಳ ಸೀಲಿಂಗಿನೊಳಗೆ ಸಣ್ಣ ಪೈಪು ಓಡಿರುತ್ತದೆ. ಅದರಲ್ಲಿ ತೂತುಗಳಿರುತ್ತವೆ. ಅದು ಸದಾ ಗಾಳಿ ಎಳೆದು ಹೊಗೆ ಇದೆಯಾ ಅಂತ ನೋಡುತ್ತಲೇ ಇರುತ್ತದೆ. ಹೊಗೆ ಜಾಸ್ತಿಯಾದರೆ ಅಲಾರಂ, ಆಮೇಲೆ ಬ್ರೇಕ್. ಅದಕ್ಕೆ ಬೀಡಿ ಯಾವುದು, ಬೆಂಕಿ ಯಾವುದು ಅಂತ ಗೊತ್ತಾಗಲ್ಲ. 2023ರ ಆಗಸ್ಟ್‌ನಲ್ಲಿ ತಿರುಪತಿಯಿಂದ ಸಿಕಂದರಾಬಾದಿಗೆ ಹೊರಟಿದ್ದ ವಂದೇ ಭಾರತ್‌ನಲ್ಲಿ ಒಬ್ಬ ಟಿಕೆಟ್ಟೂ ಇಲ್ಲದೆ ಹತ್ತಿ, ಟಾಯ್ಲೆಟ್ ಬಾಗಿಲು ಹಾಕಿಕೊಂಡು ಸಿಗರೇಟ್ ಹಚ್ಚಿದ. ಬೆಂಕಿ ಆರಿಸುವ ಪುಡಿ ತಾನಾಗಿಯೇ ಚಿಮ್ಮಿತು, ಜನ ಕಿರುಚಿಕೊಂಡರು, ಗಾಡಿ ನಿಂತಿತು. ಕೊನೆಗೆ ಕಿಟಕಿ ಗಾಜು ಒಡೆದು ಅವನನ್ನು ಈಚೆಗೆ ಎಳೆದರು.

ಟಾಯ್ಲೆಟ್ ಅಂದೆನಲ್ಲ, ನಿಜವಾದ ಅಪಾಯ ಇರುವುದೇ ಅಲ್ಲಿ. ಕದ್ದು ಸೇದುವವನು ಮೋಟನ್ನು ಸರಿಯಾಗಿ ಆರಿಸುವುದಿಲ್ಲ. ಕಸದ ಡಬ್ಬಿಯಲ್ಲಿ ಪೇಪರ್, ಟಿಶ್ಯೂ ಇರುತ್ತದೆ. ಅದಕ್ಕೇ ಎಸೆಯುತ್ತಾನೆ.

ಪ್ರತ್ಯೇಕ ಕೋಣೆ ಮಾಡಬಹುದಾ ಅಂದರೆ, ಮಾಡಬಹುದು. ಅದಕ್ಕೆ ಬೇರೆ ಗಾಳಿ ವ್ಯವಸ್ಥೆ ಬೇಕು, ಬಾಗಿಲು ಬಿಗಿಯಾಗಿರಬೇಕು, ನಾಲ್ಕಾರು ಬರ್ತ್ ಜಾಗ ಬಿಡಬೇಕು. ವೇಟಿಂಗ್ ಲಿಸ್ಟ್ ಇಷ್ಟುದ್ದ ಇರುವ ದೇಶದಲ್ಲಿ ಬರ್ತ್ ಕಿತ್ತು ಹೊಗೆಗೆ ಕೊಡುವುದು ನನಗಂತೂ ಸರಿ ಕಾಣಲ್ಲ. ಜಪಾನಿನ ಬುಲೆಟ್ ರೈಲುಗಳಲ್ಲಿ ಅಂಥ ಕೋಣೆ ಇತ್ತು. ಟೋಕಿಯೋ–ಒಸಾಕಾ ಮಾರ್ಗದಲ್ಲಿ 2024ರ ಮಾರ್ಚ್‌ನಲ್ಲಿ ಅವರೇ ಮುಚ್ಚಿಬಿಟ್ಟರು.

ಮೈಸೂರು, ಸೇದುವವನೇ

ಎಲ್ಲರೂ ಬೈತೀರ ಅಂತ ಗೊತ್ತು, ಆದರೂ ಕೇಳುತ್ತೇನೆ. ಏರ್‌ಪೋರ್ಟಿನಲ್ಲಿ, 30 ರೂಮಾದರೂ ಇರುವ ಹೋಟೆಲಿನಲ್ಲಿ ಸೇದಲು ಜಾಗ ಮಾಡಿಕೊಳ್ಳಲು ಅದೇ ಕಾನೂನು ಬಿಟ್ಟಿದೆ. ವಿಮಾನ ಹತ್ತುವವನ ಚಟ ಚಟ, ರೈಲು ಹತ್ತುವವನದು ಅಪರಾಧವಾ? ಬೋಗಿಯೊಳಗೆ ಬೇಡ, ಒಪ್ಪುತ್ತೇನೆ. ದೊಡ್ಡ ಸ್ಟೇಷನ್‌ನ ತುದಿಯಲ್ಲಿ ಒಂದು ತೆರೆದ ಚೌಕ ಹಾಕಿ. ಜರ್ಮನಿಯಲ್ಲಿ ರೈಲಿನೊಳಗೆ ನಿಷೇಧ, ಪ್ಲಾಟ್‌ಫಾರಂ ಮೇಲೆ ಹಳದಿ ಗೆರೆ ಎಳೆದ ಜಾಗ ಇದೆ. ಆಗ ಟಾಯ್ಲೆಟ್ಟಿನಲ್ಲಿ ಕದ್ದು ಸೇದುವುದು ಕಡಿಮೆಯಾಗಬಹುದು, ಅಲ್ವಾ?

ರಿಟೈರ್ ಆದವನು

ನಿಮ್ಮ ಮಾತಿನಲ್ಲಿ ಅರ್ಧ ನ್ಯಾಯ ಇದೆ. ಪ್ಲಾಟ್‌ಫಾರಂ ತುದಿ ಅಂದರೆ ನಾನು ಜಗಳ ಆಡಲ್ಲ. ಆದರೆ ಎರಡು ನಿಮಿಷದ ಸ್ಟಾಪಿಗೆ ಆ ತುದಿಗೆ ಹೋಗಿಬರುವುದು ಯಾವಾಗ?

ಹುಣಸೂರು ಕಡೆಯವನು

ನಮ್ಮದು ಹೊಗೆಸೊಪ್ಪಿನ ಸೀಮೆ. ಬ್ಯಾರನ್‌ನಲ್ಲಿ, ಅಂದರೆ ಸೊಪ್ಪು ಒಣಗಿಸುವ ಗೂಡಿನಲ್ಲಿ, ಸೊಪ್ಪು ಬೇಯಿಸಿ ಮಾರಿದ ದುಡ್ಡಲ್ಲೇ ನಾನು ಓದಿದ್ದು. ನಮ್ಮಪ್ಪ ಒಂದು ದಿನವೂ ಸೇದಲಿಲ್ಲ. "ಬೆಳೆಯೋದು ಬೇರೆಯವರಿಗೆ ಕಣೋ" ಅನ್ನುತ್ತಿದ್ದರು. ಸಲಹೆ ಏನಲ್ಲ, ಸುಮ್ನೆ ನೆನಪಾಯಿತು.

ಬಿಟ್ಟು ಆರು ವರ್ಷ, ಮಂಡ್ಯ

ಅಕ್ಕ, ನಾನೂ ದಿನಕ್ಕೆ ಒಂದು ಪ್ಯಾಕ್ ಗಿರಾಕಿ ಆಗಿದ್ದೆ. ದೆಹಲಿಗೆ ರೈಲಲ್ಲಿ ಹೋದಾಗ ಮಾಡಿದ್ದು ಹೇಳುತ್ತೇನೆ.

ರೈಲು ಹತ್ತುವ ದಿನ ಶುರು ಮಾಡಬೇಡಿ. ಹದಿನೈದು ದಿನ ಮೊದಲೇ ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಹೃದಯದ ತೊಂದರೆ ಇದ್ದರಂತೂ ಕೇಳದೆ ಏನೂ ಕೊಡಬೇಡಿ. ನಿಕೋಟಿನ್ ಗಮ್ 2 ಮಿಲಿಗ್ರಾಮಿನದು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಅದನ್ನು ಬಬಲ್ ಗಮ್ ಥರ ಜಗಿಯಬಾರದು, ನಾನು ಮೊದಲ ದಿನ ಹಾಗೆ ಜಗಿದು ಬಿಕ್ಕಳಿಕೆ ಬಂದು ಒದ್ದಾಡಿದೆ. ನಾಲ್ಕೈದು ಸಲ ಮೆಲ್ಲಗೆ ಅಗಿದು, ಖಾರ ಹತ್ತಿದ ತಕ್ಷಣ ಕೆನ್ನೆ ಒಳಗೆ ಒತ್ತಿಟ್ಟುಕೊಳ್ಳಬೇಕು. ಖಾರ ಹೋದ ಮೇಲೆ ಮತ್ತೆ ಅಗಿಯಬೇಕು. 1800 11 2356 ಅಂತ ಬಿಡಿಸುವ ಸಹಾಯವಾಣಿ ಇದೆ, ಕರೆ ಉಚಿತ.

ಬೀಡಿ ಬದಲು ಖೈನಿ ಕೊಡಬೇಡಿ, ಅದೂ ತಂಬಾಕೇ. ಮೇಲಾಗಿ ಉಗಿದರೆ 500 ರೂಪಾಯಿ ತನಕ ದಂಡ. ಬೆಂಕಿಪೊಟ್ಟಣ ಮನೆಯಲ್ಲೇ ಬಿಟ್ಟು ಬರಲಿ. ಆಸೆ ಹತ್ತಿದಾಗ ನಾಲ್ಕೈದು ನಿಮಿಷ ತಳ್ಳಿದರೆ ಸಾಕು, ತಾನೇ ಇಳಿಯುತ್ತದೆ. ಆಗ ಕೈಗೆ ಕೆಲಸ ಬೇಕು. ನಾನು ಕಡಲೆಕಾಯಿ ಸುಲಿಯುತ್ತಿದ್ದೆ. ಊಟ ಮಾಡಿದ ತಕ್ಷಣ, ಕಾಫಿ ಕುಡಿದ ತಕ್ಷಣ, ಈ ಎರಡು ಹೊತ್ತು ಕಷ್ಟ. ಆಗ ಪಕ್ಕದಲ್ಲಿ ಕೂತು ಮಾತಾಡಿಸಿ.

ಕೇಳಿದವರು, ಮಂಡ್ಯ

ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಊಟ ಆದ ಮೇಲೆ ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಅಲಾರಂ ವಿಷಯಕ್ಕೆ ನಂಬಲಿಲ್ಲ. "ಬೀಡಿಗೆ ರೈಲು ನಿಲ್ತದಾ?" ಅಂತ ನಕ್ಕರು. ದುಪಟ್ಟಾ ತೂತಿನ ಹತ್ತಿರ ಮಾತ್ರ ಸುಮ್ಮನಾದರು. ಎದ್ದು ಜಗಲಿಗೆ ಹೋಗಿ ಒಂದು ಸೇದಿ ಬಂದರು, ಅದೂ ನಿಜ.

ಸೋಮವಾರ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ಕಡಲೆಕಾಯಿ ಬೇಡವಂತೆ, ಹಲ್ಲು ಇಲ್ಲ. ಮದ್ದೂರು ವಡೆ ಕಾಶಿ ತನಕ ಕೆಡದೆ ಇರುತ್ತಾ ಕೇಳು ಅಂದಿದ್ದಾರೆ. ಇರುತ್ತಾ?

ಪಾಸಿನವನು

ಕೆಡಲ್ಲ ಅಕ್ಕ. ಬಿಸಿ ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಆದರೆ ಹಲ್ಲಿಲ್ಲ ಅಂದರಲ್ಲ, ಕಾಫಿಯಲ್ಲಿ ಅದ್ದಿ ಕೊಡಿ.