ಫ್ರಿಟ್ಜ್ ಪೊಲಾರ್ಡ್‌ನ ಹಾಲ್ ಆಫ್ ಫೇಮ್‌ಗೆ (ಫುಟ್‌ಬಾಲ್ ದಿಗ್ಗಜರ ಗೌರವ ಮ್ಯೂಸಿಯಂ) ಸೇರಿಸೋಕೆ 2005ರ ತನಕ ಯಾಕಾಯ್ತು?

ಪ್ರಶ್ನೆ:
ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಹಳೇ ಕಾಲದ ಬಗ್ಗೆ ಗೊತ್ತಿರೋರು ಯಾರಾದ್ರೂ ಇದೀರಾ? ನಾನು ಈ ಆಟ ನೋಡೋಕೆ ಶುರು ಮಾಡಿದ್ದೇ ಓಹಾಯೋಗೆ ಬಂದ್ಮೇಲೆ, ಸೋಮವಾರ ಬಂತಂದ್ರೆ ಆಫೀಸಲ್ಲಿ ಬರೀ ಅದೇ ಮಾತು. ಲೀಗಿನ ಮೊದಲ ಬ್ಲ್ಯಾಕ್ ಹೆಡ್ ಕೋಚ್ ಪೊಲಾರ್ಡ್ ಅಂತ ಎಲ್ರೂ ಹೇಳ್ತಾರೆ, ಆದ್ರೆ ರನ್ನಿಂಗ್ ಬ್ಯಾಕ್ ಆಗಿ, ಅಂದ್ರೆ ಬಾಲ್ ಹಿಡ್ಕೊಂಡು ಓಡೋ ಆಟಗಾರನಾಗಿ, ಹೇಗೆ ಆಡ್ತಿದ್ದ ಅಂತ ಹುಡುಕಿದ್ರೆ ಎಷ್ಟು ಯಾರ್ಡ್ ಓಡಿದ ಅನ್ನೋ ಲೆಕ್ಕನೇ ಸಿಗಲ್ವಲ್ಲ?

ಉತ್ತರ 1:
ಸಿಗಲ್ಲ ಬಿಡಿ, ಲೀಗಿನೋರು ಅಧಿಕೃತವಾಗಿ ಲೆಕ್ಕ ಇಡೋಕೆ ಶುರು ಮಾಡಿದ್ದೇ 1932ರಲ್ಲಿ, ಇವ್ರು ಎನ್‌ಎಫ್‌ಎಲ್‌ನಲ್ಲಿ ಕೊನೇ ಸಲ ಆಡಿದ್ದು 1926ರಲ್ಲಿ. ಆದ್ರೆ ಇದನ್ನ ನೋಡಿ, 1920 ಅಂದ್ರೆ ಲೀಗಿನ ಮೊಟ್ಟಮೊದಲ ಸೀಸನ್, ಆಗಿನ್ನೂ ಎನ್‌ಎಫ್‌ಎಲ್ ಅನ್ನೋ ಹೆಸರೂ ಇರ್ಲಿಲ್ಲ, ಓಹಾಯೋದ ಆಕ್ರನ್ ಊರಿನ ಟೀಮ್ ಆಕ್ರನ್ ಪ್ರೋಸ್ 8 ಗೆದ್ದು 3 ಡ್ರಾ ಮಾಡ್ಕೊಂಡು ಒಂದೂ ಸೋಲದೆ ಚಾಂಪಿಯನ್ ಆಯ್ತು, ಆ ಟೀಮಿನ ಸ್ಟಾರ್ ಇವ್ರೇ. ಮರುವರ್ಷ ಆಡ್ತಾ ಆಡ್ತಾನೇ ಕೋಚ್ ಕೂಡ ಆದ್ರು. ಆಳು ನೋಡಿದ್ರೆ ಐದಡಿ ಒಂಬತ್ತಿಂಚು, 75 ಕೆಜಿ ಅಷ್ಟೇ!

ಉತ್ತರ 2:
ನಂಗೆ ಇವನ ಹೆಸರು ಕೇಳಿದ್ರೆ ಮೊದ್ಲು ಕಣ್ಮುಂದೆ ಬರೋದೇ ಬೇರೆ. ಕೆಡವಿದ್ಮೇಲೂ ಎದುರು ಟೀಮಿನೋರು ಬೇಕಂತ್ಲೇ ಮೈಮೇಲೆ ಬೀಳೋಕೆ ಬರ್ತಿದ್ರು, ಅದಕ್ಕೆ ಇವನು ಬಿದ್ದ ತಕ್ಷಣ ಅಂಗಾತ ಹೊರಳಿ ಎರಡೂ ಕಾಲೆತ್ತಿ ಗಾಳೀಲಿ ಸೈಕಲ್ ತುಳಿದ ಹಾಗೆ ತುಳೀತಿದ್ದ, ಶೂ ತಳದ ಸ್ಟಡ್ಸ್ ಮುಖದ ಮುಂದೆ ತಿರುಗ್ತಿದ್ರೆ ಯಾವನು ಬರ್ತಾನೆ ಹತ್ರ. ಬ್ಲ್ಯಾಕ್ ಅಂತ ಟೀಮಿನ ಜೊತೆ ಬಟ್ಟೆ ಬದಲಾಯಿಸೋ ಹಾಗೂ ಇರ್ಲಿಲ್ಲ, ಓನರ್‌ದು ಸಿಗಾರ್ ಫ್ಯಾಕ್ಟರಿ ಇತ್ತು, ಅಲ್ಲಿ ರೆಡಿಯಾಗಿ ಬರ್ತಿದ್ದೆ ಅಂತ ಅವನೇ ಆಮೇಲೆ ಹೇಳ್ಕೊಂಡಿದಾನೆ. ಇದನ್ನ ಓದಿದ್ ದಿನ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ಉತ್ತರ 3:
ಲೇಟಾಗಿದ್ದು ಯಾಕೆ ಅಂದ್ರೆ, 1934ರಿಂದ 1945ರ ತನಕ ಲೀಗಲ್ಲಿ ಒಬ್ಬನೇ ಒಬ್ಬ ಬ್ಲ್ಯಾಕ್ ಪ್ಲೇಯರ್ ಇರ್ಲಿಲ್ಲ, ಸೇರಿಸ್ಕೊಳ್ಳೋದನ್ನೇ ನಿಲ್ಲಿಸಿಬಿಟ್ಟಿದ್ರು. ಪೊಲಾರ್ಡ್ ಆ ಟೈಮಲ್ಲಿ ಸುಮ್ನೆ ಕೂರ್ಲಿಲ್ಲ, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬ್ರೌನ್ ಬಾಂಬರ್ಸ್ ಅಂತ ಪೂರ್ತಿ ಬ್ಲ್ಯಾಕ್ ಆಟಗಾರರ ಟೀಮಿಗೆ ಕೋಚ್ ಆದ್ರು. ಇವ್ರಾದ್ಮೇಲೆ ಎನ್‌ಎಫ್‌ಎಲ್‌ನಲ್ಲಿ ಮುಂದಿನ ಬ್ಲ್ಯಾಕ್ ಹೆಡ್ ಕೋಚ್ ಆರ್ಟ್ ಶೆಲ್, ಅದೂ 1989ರಲ್ಲಿ! ಲೆಕ್ಕ ಇಲ್ಲ, ಆಟ ಕಣ್ಣಾರೆ ನೋಡಿದೋರೂ ಒಬ್ಬೊಬ್ರೇ ಹೋಗ್ಬಿಟ್ರು, ಇನ್ನು ಇವ್ರ ಪರವಾಗಿ ಮಾತಾಡೋಕೆ ಯಾರಿದ್ರು ಹೇಳಿ. ನಂಗೆ ಸಿಟ್ಟು ಬರೋದು ಎಲ್ಲಿ ಅಂದ್ರೆ ಹಾಲ್ ಆಫ್ ಫೇಮ್ ಇರೋದು ಕ್ಯಾಂಟನ್‌ನಲ್ಲಿ, ಆಕ್ರನ್ ಪಕ್ಕದಲ್ಲೇ, ಅದು ಶುರುವಾಗಿದ್ದು 1963ರಲ್ಲಿ, ಪೊಲಾರ್ಡ್ ತೀರ್ಕೊಂಡಿದ್ದು 1986ರಲ್ಲಿ. 23 ವರ್ಷ ಟೈಮಿತ್ತು ಅವ್ರನ್ನ ಕರೆದು ಗೌರವಿಸೋಕೆ.

ಪ್ರಶ್ನೆ ಕೇಳಿದವರು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಕ್ಯಾಂಟನ್ ನಮ್ಮನೆಯಿಂದ ದೂರ ಏನಿಲ್ಲ, ಶನಿವಾರ ಮಗಳನ್ನ ಕರ್ಕೊಂಡು ಹೋಗಿ ಅವ್ರ ಕಂಚಿನ ಪ್ರತಿಮೆ ನೋಡ್ಕೊಂಡು ಬರ್ತೀನಿ, ಆ ಸೈಕಲ್ ಕಥೆ ದಾರೀಲೇ ಹೇಳ್ತೀನಿ ಅವಳಿಗೆ.